ಮಂಗನ ಕಾಹಿಲೆಯ ನಿವಾರಣೆಯಲ್ಲಿ ಮೊಬೈಲ್ ಸುದ್ದಿಯ ಉಪಯೋಗ

(ಮಲೆನಾಡಿನ ಗ್ರಾಮ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ)

ಮಾರ್ಗಶಿರದಿಂದ ವೈಶಾಖದವರೆಗಿನ ಕಾಲವು ಮಲೆನಾಡಿನ ವ್ಯವಸಾಯಗಾರನಿಗೆ ಬಿಡುವಿಲ್ಲದ ಕಾಲ. ಅಡಕೆಯ ಕೊನೆ ಇಳಿಸಿ, ಸುಲಿದು, ಬೇಯಿಸಿ ಒಣಗಿಸುವುದು ಒಂದು ಕಡೆ. ಕಾಫಿ ಹಣ್ಣು, ಮೆಣಸುಗಳ ಕೊಯ್ಲು ಮತ್ತೊಂದು ಕಡೆ. ಇವುಗಳ ನಡುವೆಯೇ ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ತೋಟಕ್ಕೆ ಸೊಪ್ಪು ಒದಗಿಸಿಕೊಳ್ಳುವುದು. ಈ ಕೆಲಸಗಳಲ್ಲಿ ಹೆಚ್ಚಿನವು ಮನುಷ್ಯನನ್ನು ಸೊಪ್ಪಿನಬೆಟ್ಟಕ್ಕೂ ಕಾಡಿನಂಚಿಗೂ ಕರೆದೊಯ್ಯುವಂತಹವು. ಇದೇ ಆರು ತಿಂಗಳುಗಳಲ್ಲಿಯೇ ಕಾಡಿನ ಉಣುಗಿನ ಮರಿಗಳು ಒಣಗಿದ ಎಲೆಗಳ ಮೇಲೂ ಗಿಡಗಂಟಿಗಳ ತುದಿಯಲ್ಲಿಯೂ ಕಾದಿರುತ್ತವೆ. ಮತ್ತು ಮಂಗನ ಕಾಹಿಲೆಯೆಂದು ಪ್ರಸಿದ್ಧವಾದ ವಿಷಮಜ್ವರವು ಕಾಣಿಸಿಕೊಳ್ಳುವುದೂ ಇದೇ ಕಾಲದಲ್ಲಿ. ಆದುದರಿಂದ ಈ ವಿಷಯವು ಕೇವಲ ವೈದ್ಯ ಇಲಾಖೆಯವರಿಗೆ ಸೇರಿದ್ದೆಂದು ವ್ಯವಸಾಯಗಾರನು ಸುಮ್ಮನಿರಲಾಗದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮಗಳು ಬಯಲು ಸೀಮೆಯ ಊರುಗಳಂತೆ ಒಂದೇ ಕಡೆ ಗುಂಪುಗೂಡಿದವುಗಳಲ್ಲ. ಕೊಪ್ಪ ತಾಲ್ಲೂಕಿನ ಭಂಡಿಗಡಿಯಂತಹ ಗ್ರಾಮದಲ್ಲಿ ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ, ಹಳ್ಳ ದಾಟಿದರೆ ಕೂಲಿಯವರ ನಾಲ್ಕು ಮನೆ, ಹೀಗೆ ವಾಸವು ಚದರಿಕೊಂಡಿರುವುದು. ಒಂದು ಬೆಟ್ಟದಲ್ಲಿ ಮಂಗ ಸತ್ತು ಬಿದ್ದ ಸುದ್ದಿಯು ಮತ್ತೊಂದು ಬೆಟ್ಟದ ಬುಡದಲ್ಲಿರುವವನಿಗೆ ತಿಳಿಯುವ ಹೊತ್ತಿಗೆ ವಾರ ಕಳೆದಿರಬಹುದು. ಈ ರೋಗದಲ್ಲಿ ಆ ಒಂದು ವಾರವೇ ಪ್ರಾಣದ ಲಾಭನಷ್ಟವನ್ನು ನಿರ್ಣಯಿಸತಕ್ಕದ್ದು. ಈಗ ಬಹುಮಂದಿಯ ಕೈಯಲ್ಲಿರುವ ಮೊಬೈಲನ್ನೂ, ಅದರಲ್ಲಿನ ವಾಟ್ಸಾಪ್ ಮುಂತಾದ ಸಾಮಾಜಿಕ ಜಾಲಗಳನ್ನೂ ಈ ವಿಳಂಬವನ್ನು ತಪ್ಪಿಸಲು ಹೇಗೆ ಉಪಯೋಗಿಸಬಹುದು, ಅವುಗಳಿಂದ ಬರಬಹುದಾದ ಕೆಡುಕನ್ನು ಹೇಗೆ ತಡೆಯಬಹುದು ಎಂಬುದನ್ನು ಮುಂದೆ ವಿವರಿಸಿದೆ.

ರೋಗದ ಪೂರ್ವ ವೃತ್ತಾಂತ

1957ನೆಯ ಇಸವಿಯ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಮೇಲೊಂದರಂತೆ ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ತೀವ್ರವಾದ ಜ್ವರವು ಹರಡಿ ಜನರೂ ಮರಣ ಹೊಂದಿದರು. ಮೊದಲು ಇದು ಹಳದಿ ಜ್ವರವಿರಬಹುದೆಂಬ ಶಂಕೆಯುಂಟಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಸ್ಥಳಕ್ಕೆ ಬಂದು ಪರೀಕ್ಷಿಸಿ, ಇದು ಅದುವರೆಗೆ ತಿಳಿಯದಿದ್ದ ಹೊಸ ವೈರಸ್ಸಿನಿಂದ ಉಂಟಾಗುವುದೆಂದೂ, ಉಣುಗುಗಳ ಮೂಲಕ ಹರಡುವುದೆಂದೂ ಗೊತ್ತುಮಾಡಿದರು. ಆ ಕಾಡಿನ ಹೆಸರಿನಿಂದಲೇ ಈ ರೋಗಕ್ಕೆ ಕ್ಯಾಸನೂರು ಕಾಡಿನ ಕಾಹಿಲೆಯೆಂದು ಲೋಕದಲ್ಲೆಲ್ಲ ಹೆಸರಾಯಿತು.

ಮೊದಲ ವರ್ಷಗಳಲ್ಲಿ ರೋಗವು ಶಿವಮೊಗ್ಗ ಜಿಲ್ಲೆಯೊಳಗೇ ಇದ್ದಿತು. ತರುವಾಯ ಅಕ್ಕಪಕ್ಕದ ಜಿಲ್ಲೆಗಳಿಗೆ ಹಬ್ಬಿತು. 1982ರಿಂದ 1984ರವರೆಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡನ್ನು ಕಡಿದ ಪ್ರದೇಶದಲ್ಲಿ ರೋಗವು ಬಹಳ ಉಗ್ರವಾಗಿ ಕಾಣಿಸಿಕೊಂಡಿತು. 2012ರ ಬಳಿಕ ಬಂಡೀಪುರ, ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗ ಪ್ರಾಂತ್ಯಗಳಲ್ಲಿಯೂ ಇದು ಕಂಡುಬಂದಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪ್ರದೇಶದ ಜನರು ಅನುಭವಿಸಿದ ಸಂಕಟವು ಮಲೆನಾಡಿನಲ್ಲಿ ಇನ್ನೂ ಮರೆತುಹೋಗಿಲ್ಲ. 2024ರ ಆರಂಭದಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬಳೂ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರೂ ಈ ರೋಗದಿಂದ ತೀರಿಕೊಂಡರು. ಇದರಿಂದ ರೋಗವು ಈ ಮೂರು ತಾಲ್ಲೂಕುಗಳ ಮನೆಬಾಗಿಲಿಗೇ ಬಂದಿದೆಯೆಂಬುದು ಸ್ಪಷ್ಟವಾಗುವುದು.

ಉಣುಗು, ಮಂಗ ಮತ್ತು ಮನುಷ್ಯ

ಈ ರೋಗದ ವೈರಸ್ಸು ಕಾಡಿನ ಇಲಿ, ಮೂಗಿಲಿ ಮುಂತಾದ ಸಣ್ಣ ಪ್ರಾಣಿಗಳಲ್ಲಿಯೂ ಉಣುಗುಗಳಲ್ಲಿಯೂ ನೆಲೆಸಿರುವುದು. ಮಳೆಗಾಲ ಕಳೆದ ಮೇಲೆ ಉಣುಗಿನ ಮೊಟ್ಟೆಯೊಡೆದು ಹೊರಬಂದ ಅತಿಸಣ್ಣ ಮರಿಗಳು ಪ್ರಾಣಿಗಳ ರಕ್ತವನ್ನು ಹೀರಿ, ಪೊರೆ ಬಿಟ್ಟು, ಎರಡನೆಯ ಅವಸ್ಥೆಗೆ ಬರುತ್ತವೆ. ಡಿಸೆಂಬರಿನಿಂದ ಮೇ ವರೆಗೆ ಹೆಚ್ಚಾಗಿರುವ ಈ ಎರಡನೆಯ ಅವಸ್ಥೆಯ ಮರಿಗಳೇ ಮನುಷ್ಯನನ್ನು ಕಚ್ಚಿ ರೋಗವನ್ನು ತಗುಲಿಸತಕ್ಕವು. ಇವು ಸಾಸಿವೆ ಕಾಳಿನಂತೆ ಚಿಕ್ಕವಾದ್ದರಿಂದ ಕಚ್ಚಿದ್ದು ಅನೇಕರಿಗೆ ತಿಳಿಯುವುದೇ ಇಲ್ಲ. ಬಲಿತ ಉಣುಗುಗಳು ಮಳೆಗಾಲದಲ್ಲಿ ದನಗಳ ಮೈಯನ್ನು ಆಶ್ರಯಿಸುತ್ತವೆ. ಕಾಡಿಗೆ ಮೇಯಲು ಹೋಗುವ ದನಗಳಿಂದಾಗಿ ಅವುಗಳ ಸಂತತಿಯು ವೃದ್ಧಿಯಾಗುವುದು.

ಕಪ್ಪು ಮೂತಿಯ ಮುಸಿಯ ಮತ್ತು ಕೆಂಪು ಮೂತಿಯ ಮಂಗಗಳಿಗೆ ಈ ವೈರಸ್ಸು ತಗುಲಿದರೆ ಅವು ಬೇಗನೆ ಸಾಯುತ್ತವೆ. ಜೀವ ಹೋದ ಮಂಗನ ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುವುವು. ಹೀಗಾಗಿ ಮಂಗ ಸತ್ತ ಸ್ಥಳವು ರೋಗದ ಬೀಜವನ್ನು ಚೆಲ್ಲಿದ ಮಡಿಯಂತಾಗುವುದು. ಆ ಸ್ಥಳದಲ್ಲಿ ಮುಂದಿನ ದಿವಸಗಳಲ್ಲಿ ದರಗು ಗುಡಿಸುವವನಿಗೂ, ಸೌದೆ ಒಡೆಯುವವನಿಗೂ, ದನ ಅಟ್ಟಿಕೊಂಡು ಹೋದವನಿಗೂ ಅಪಾಯವುಂಟು.

ಉಣುಗು ಕಚ್ಚಿದ ಮೂರರಿಂದ ಎಂಟು ದಿವಸಗಳೊಳಗಾಗಿ ಹಠಾತ್ತನೆ ಜ್ವರ, ತಲೆನೋವು, ಮೈಕೈ ಮತ್ತು ಸೊಂಟದ ತೀವ್ರವಾದ ನೋವು, ನಿಶ್ಶಕ್ತಿಗಳುಂಟಾಗುತ್ತವೆ, ಕಣ್ಣು ಕೆಂಪಾಗಬಹುದು, ವಾಂತಿಭೇದಿಯಾಗಬಹುದು, ಕೆಲವರಿಗೆ ಮೂಗು, ವಸಡು, ಕರುಳುಗಳಿಂದ ರಕ್ತಸ್ರಾವವಾಗುವುದು. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಪುನಃ ಜ್ವರ ಬಂದು ಮೆದುಳಿಗೆ ಸಂಬಂಧಿಸಿದ ತೊಂದರೆಗಳು ಕಾಣಿಸುವುದುಂಟು. ರೋಗಕ್ಕೊಳಗಾದ ನೂರು ಮಂದಿಯಲ್ಲಿ ಸುಮಾರು ಮೂರರಿಂದ ಐದು ಮಂದಿ ಮರಣ ಹೊಂದುವರೆಂದು ಲೆಕ್ಕ. ಆದರೆ ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವ ರೋಗವಲ್ಲವೆಂಬುದನ್ನು ಗ್ರಾಮದಲ್ಲಿ ಎಲ್ಲರೂ ಚೆನ್ನಾಗಿ ತಿಳಿದಿರಬೇಕು.

ಸುದ್ದಿಯೇ ಮೊದಲನೆಯ ಔಷಧ

ಈ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಆಸ್ಪತ್ರೆಯಲ್ಲಿ ದ್ರವಾಂಶವನ್ನೂ ರಕ್ತದ ಅಂಶಗಳನ್ನೂ ಸರಿದೂಗಿಸುತ್ತ ರೋಗಿಯ ಶಕ್ತಿಯನ್ನು ಕಾಯ್ದುಕೊಳ್ಳುವುದೇ ಚಿಕಿತ್ಸೆ. ಅದು ಬೇಗನೆ ಆರಂಭವಾದಷ್ಟೂ ಗುಣ ಹೆಚ್ಚು. ಹಿಂದೆ ಅನೇಕ ವರ್ಷಗಳು ಮಲೆನಾಡಿನಲ್ಲಿ ಹಾಕುತ್ತಿದ್ದ ಲಸಿಕೆಯ ಪರಿಣಾಮವು ಸಾಲದೆಂದು ಕಂಡುಬಂದುದರಿಂದ ಅದರ ಬಳಕೆಯು ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹೊಸ ಲಸಿಕೆಯ ಕಾರ್ಯವು ಕೈಗೊಳ್ಳಲ್ಪಟ್ಟಿದೆ. ಅದು ಜನರ ಕೈಸೇರುವವರೆಗೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೂ, ಕಚ್ಚಿದರೆ ಬೇಗನೆ ಆಸ್ಪತ್ರೆಗೆ ಹೋಗುವುದೂ ಇವೆರಡೇ ಮಾರ್ಗ. ಈ ಎರಡೂ ಸಮಯಕ್ಕೆ ಸರಿಯಾದ ತಿಳಿವಳಿಕೆಯನ್ನು ಅವಲಂಬಿಸಿರುತ್ತವೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಭಾನುವಾರ ಬೆಳಿಗ್ಗೆ ದನ ಕಾಯುವ ಹುಡುಗನು ಹಳ್ಳದ ಪಕ್ಕದಲ್ಲಿ ಸತ್ತ ಮುಸಿಯವನ್ನು ನೋಡುತ್ತಾನೆ, ಯಾರಿಗೂ ಹೇಳುವುದಿಲ್ಲ. ಬುಧವಾರ ಅದೇ ಜಾಗದಲ್ಲಿ ಐದು ಮಂದಿ ಹೆಣ್ಣಾಳುಗಳು ದರಗು ಗುಡಿಸುತ್ತಾರೆ. ಮುಂದಿನ ಸೋಮವಾರ ಅವರಲ್ಲೊಬ್ಬಳಿಗೆ ಜ್ವರ ಬರುತ್ತದೆ. ಕೊಯ್ಲಿನ ಕೂಲಿ ತಪ್ಪುವುದೆಂದು ಅಂಗಡಿಯ ಮಾತ್ರೆ ನುಂಗಿ ಎರಡು ದಿವಸ ಕೆಲಸಕ್ಕೆ ಬರುತ್ತಾಳೆ. ಗುರುವಾರ ಏಳಲಾರದೆ ಮಲಗಿದಾಗ ಮನೆಯವರು ವಾಹನ ಹುಡುಕುತ್ತಾರೆ. ಇಲ್ಲಿ ತಪ್ಪು ಯಾರೊಬ್ಬರದೂ ಅಲ್ಲ. ಸುದ್ದಿಯು ನಡೆಯಬೇಕಾದ ದಾರಿಯಲ್ಲಿ ನಡೆಯಲಿಲ್ಲ, ಅಷ್ಟೆ. ಹುಡುಗನು ಕಂಡದ್ದನ್ನು ಮನೆಯಲ್ಲಿ ಹೇಳಿ, ಮನೆಯ ಯಜಮಾನನು ಅದೇ ಗಳಿಗೆಯಲ್ಲಿ ಗ್ರಾಮದ ಗುಂಪಿಗೆ ತಿಳಿಸಿದ್ದರೆ, ಬುಧವಾರ ಆ ಜಾಗಕ್ಕೆ ಯಾರೂ ಹೋಗುತ್ತಿರಲಿಲ್ಲ. ಹೋದವರಿದ್ದರೂ ಮೊದಲ ದಿನದ ಜ್ವರಕ್ಕೇ ರಕ್ತಪರೀಕ್ಷೆಯಾಗುತ್ತಿತ್ತು.

ಹಿಂದಿನ ಪ್ರಚಾರ, ಇಂದಿನ ಪ್ರಚಾರ

ಹೊಸ ತಿಳಿವಳಿಕೆಯನ್ನು ತೋಟದಿಂದ ತೋಟಕ್ಕೆ ಮುಟ್ಟಿಸುವುದು ಮಲೆನಾಡಿಗೆ ಹೊಸದೇನೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗವನ್ನು ಅಭ್ಯಾಸಮಾಡಿ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಅದಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ಹೊಸ ಮದ್ದಿನ ಗುಣವನ್ನು ರೈತರು ಕಾಗದದ ಮಾತಿನಿಂದ ನಂಬಲಿಲ್ಲ. ನೆರೆಯ ತೋಟದಲ್ಲಿ ಕಣ್ಣಾರೆ ಕಂಡು ನಂಬಿದರು. ಮದ್ದನ್ನು ಮಳೆ ಹಿಡಿಯುವುದಕ್ಕೆ ಮುಂಚೆ ಹೊಡೆಯಬೇಕು, ಉದುರಿದ ಮೇಲೆ ಹೊಡೆದು ಫಲವಿಲ್ಲ ಎಂಬುದನ್ನು ಈಗ ಮಲೆನಾಡಿನ ಹುಡುಗರೂ ಬಲ್ಲರು. ಮಂಗನ ಕಾಹಿಲೆಯಲ್ಲಿಯೂ ನ್ಯಾಯವು ಇದೇ: ಮುಂಚಿನ ಎಚ್ಚರಿಕೆಗೆ ಬೆಲೆ, ತಡವಾದ ಎಚ್ಚರಿಕೆಗೆ ಪಶ್ಚಾತ್ತಾಪ.

ಹಿಂದೆ ಸರ್ಕಾರದ ಸುದ್ದಿಯು ತಮಟೆಯ ಡಂಗುರದಿಂದಲೂ, ಸಂತೆ ಜಾತ್ರೆಗಳ ಪ್ರದರ್ಶನಗಳಿಂದಲೂ, ಹಸ್ತಪತ್ರಿಕೆಗಳಿಂದಲೂ ಹರಡುತ್ತಿತ್ತು. ತರುವಾಯ ಆಕಾಶವಾಣಿಯು ಬಂದಿತು. ಭದ್ರಾವತಿಯ ಕೇಂದ್ರದ ಮಾತು ಮಲೆನಾಡಿನ ಮನೆಗಳಿಗೆ ಪರಿಚಿತವಾದುದು. ಇವೆಲ್ಲವೂ ಒಂದು ಬಾಯಿಯಿಂದ ಸಾವಿರ ಕಿವಿಗಳಿಗೆ ಹೋಗುವಂತಹವು. ವಾಟ್ಸಾಪಿನ ವಿಶೇಷವೇನೆಂದರೆ, ಕೇಳುವವನೂ ಅದರಲ್ಲಿ ಹೇಳಬಲ್ಲನು. ಹಳ್ಳದ ಪಕ್ಕದಲ್ಲಿ ಮಂಗ ಸತ್ತುದು ಜಿಲ್ಲೆಯ ಅಧಿಕಾರಿಗೆ ತಿಳಿಯದು, ದನ ಕಾಯುವವನಿಗೆ ತಿಳಿಯುವುದು. ಕೆಳಗಿನಿಂದ ಮೇಲಕ್ಕೆ ಸುದ್ದಿ ಹೋಗುವ ಈ ದಾರಿಯೇ ಈ ಸಾಧನದ ಮುಖ್ಯ ಪ್ರಯೋಜನ. ಮೇಲಿನಿಂದ ಬಂದ ಪ್ರಕಟಣೆಗಳನ್ನು ರವಾನಿಸುವುದಕ್ಕೆ ಮಾತ್ರ ಅದನ್ನು ಉಪಯೋಗಿಸುವವರು ಅರ್ಧ ಫಲವನ್ನೇ ಪಡೆಯುವರು.

ಗ್ರಾಮದ ಗುಂಪನ್ನು ಏರ್ಪಡಿಸುವ ಕ್ರಮ

ಮದುವೆ, ರಾಜಕೀಯ, ವ್ಯಾಪಾರಗಳ ಮಾತು ಬೆರೆತ ಗುಂಪಿನಲ್ಲಿ ಆರೋಗ್ಯದ ಸುದ್ದಿಯು ಮುಳುಗಿಹೋಗುವುದು. ಆದುದರಿಂದ ಮಂಗನ ಕಾಹಿಲೆಯ ಕಾಲಕ್ಕೆ ಪ್ರತ್ಯೇಕವಾದ ಗುಂಪು ಇರುವುದು ಒಳ್ಳೆಯದು. ಅದರಲ್ಲಿ ಪಂಚಾಯಿತಿಯ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪಶುವೈದ್ಯ ಇಲಾಖೆಯವರು, ಅರಣ್ಯ ರಕ್ಷಕರು, ಹಾಗೂ ಪ್ರತಿಯೊಂದು ಮೂಲೆಯ ಮನೆಗಳಿಂದ ಒಬ್ಬೊಬ್ಬರಾದರೂ ಇರತಕ್ಕದ್ದು. ಕೂಲಿಯವರ ವಸತಿಯಿಂದ ಒಬ್ಬರನ್ನು ಸೇರಿಸುವುದನ್ನು ಮರೆಯಕೂಡದು. ಕಾಡಿಗೆ ಹೆಚ್ಚಾಗಿ ಹೋಗುವವರು ಅವರೇ.

ಗುಂಪಿಗೆ ಇಬ್ಬರು ನಿರ್ವಾಹಕರಿರಲಿ: ಒಬ್ಬರು ಗ್ರಾಮದವರು, ಒಬ್ಬರು ಆರೋಗ್ಯ ಇಲಾಖೆಯವರು. ಡಿಸೆಂಬರಿನಲ್ಲಿಯೇ ಗುಂಪನ್ನು ಪರೀಕ್ಷಿಸಿ, ಯಾರ ಮೊಬೈಲ್ ಸಂಖ್ಯೆ ಬದಲಾಗಿದೆ, ಯಾರ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲದ ಮನೆಗಳಿಗೆ ಸುದ್ದಿ ಮುಟ್ಟಿಸುವ ಹೊಣೆಯನ್ನು ಸಮೀಪದ ಮನೆಯವರೊಬ್ಬರಿಗೆ ಹೆಸರು ಹೇಳಿ ವಹಿಸಬೇಕು. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಸಹಕಾರ ಸಂಘದ ಕಚೇರಿಗಳಲ್ಲಿ ಒಂದೊಂದು ಕರಿಹಲಗೆಯಿಟ್ಟು ಗುಂಪಿನ ಆ ದಿನದ ಸುದ್ದಿಯನ್ನು ಬರೆದರೆ ಮೊಬೈಲಿಲ್ಲದವರಿಗೂ ತಿಳಿಯುವುದು. ಓದುಬಾರದವರಿಗಾಗಿ ಬರೆದ ಸುದ್ದಿಯನ್ನೇ ಒಬ್ಬರು ಓದಿ ಧ್ವನಿಯ ಮೂಲಕ ಕಳುಹಿಸುವುದು ಬಹಳ ಉಪಯುಕ್ತ. ಕಾಫಿ ತೋಟಗಳಿಗೆ ಅಸ್ಸಾಂ, ಝಾರ್ಖಂಡ್ ಮುಂತಾದ ದೂರ ಪ್ರಾಂತ್ಯಗಳಿಂದ ಬಂದ ಕೆಲಸಗಾರರಿದ್ದರೆ ಹಿಂದಿಯ ಧ್ವನಿಸಂದೇಶವೂ ಅವಶ್ಯಕ. ಅವರಲ್ಲಿ ಹಲವರು ಈ ರೋಗದ ಹೆಸರನ್ನೇ ಕೇಳಿರಲಾರರು.

ಸುದ್ದಿಯನ್ನು ಬರೆಯುವ ರೀತಿ

“ನಮ್ಮ ಕಡೆ ಮಂಗ ಸಾಯುತ್ತಿವೆ, ಎಲ್ಲರೂ ಹುಷಾರು” ಎಂದು ಬರೆದರೆ ಭಯ ಹುಟ್ಟುವುದೇ ಹೊರತು ಕೆಲಸವಾಗದು. ಸುದ್ದಿಯಲ್ಲಿ ಐದು ಅಂಶಗಳಿರಬೇಕು: ಎಲ್ಲಿ, ಯಾವಾಗ, ಏನನ್ನು, ಯಾರು ಕಂಡರು, ಈಗ ಜನರು ಏನು ಮಾಡಬೇಕು. ಮಾದರಿಗೆ ಹೀಗೆ ಬರೆಯಬಹುದು:

“ಭಾನುವಾರ ಬೆಳಿಗ್ಗೆ 8 ಗಂಟೆ. ಮೇಲಿನ ತೋಟದ ಹಿಂದಿನ ಸೊಪ್ಪಿನಬೆಟ್ಟದಲ್ಲಿ, ಹಳ್ಳದ ಕಾಲುಸಂಕದ ಹತ್ತಿರ, ಒಂದು ಮುಸಿಯ ಸತ್ತು ಬಿದ್ದಿದೆ. ದನ ಹೊಡೆದುಕೊಂಡು ಹೋದಾಗ ಕಂಡದ್ದು. ಯಾರೂ ಮುಟ್ಟಿಲ್ಲ. ಸಾವಿನ ಕಾರಣ ತಿಳಿದಿಲ್ಲ. ಆರೋಗ್ಯ ಕೇಂದ್ರಕ್ಕೂ ಅರಣ್ಯದವರಿಗೂ ಫೋನ್ ಮಾಡಿದೆ. ಅವರು ಬಂದು ಹೇಳುವವರೆಗೆ ಆ ಕಡೆ ದನ ಬಿಡಬೇಡಿ, ದರಗಿಗೂ ಸೌದೆಗೂ ಹೋಗಬೇಡಿ.”

ಇದರೊಂದಿಗೆ ದೂರದಿಂದ ತೆಗೆದ ಒಂದು ಚಿತ್ರವನ್ನೂ, ಮೊಬೈಲಿನಲ್ಲಿಯೇ ದೊರೆಯುವ ಸ್ಥಳಸೂಚಿಯನ್ನೂ ಕಳುಹಿಸಿದರೆ ಸಿಬ್ಬಂದಿಯವರು ಹುಡುಕಿ ಅಲೆಯಬೇಕಾಗಿಲ್ಲ. ಚಿತ್ರಕ್ಕಾಗಿ ಹತ್ತಿರ ಹೋಗಕೂಡದು. ಮಂಗಗಳು ವಿದ್ಯುತ್ ತಂತಿ ತಗುಲಿಯೂ ನಾಯಿ ಕಚ್ಚಿಯೂ ಸಾಯುವುದುಂಟು. ಆದುದರಿಂದ ಕಾರಣವನ್ನು ಪರೀಕ್ಷೆಗೆ ಮುಂಚೆ ನಿರ್ಣಯಿಸಿ ಬರೆಯಬಾರದು. ಗುಂಪಿನಲ್ಲಿ ಬರೆದೊಡನೆ ಕರ್ತವ್ಯ ಮುಗಿಯಿತೆಂದೂ ತಿಳಿಯಬಾರದು. ಬರೆದುದನ್ನು ಯಾರೂ ನೋಡದೆ ಇರಬಹುದು. ಹಾಗಾಗಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಮಾತನಾಡಿಯೇ ತಿಳಿಸಬೇಕು.

ಮಲೆನಾಡಿನ ಅನೇಕ ಕಡೆಗಳಲ್ಲಿ ಸತ್ತ ಮಂಗನನ್ನು ಹನುಮಂತನ ಸ್ವರೂಪವೆಂದು ಭಾವಿಸಿ ಭಕ್ತಿಯಿಂದ ಹೂಳುವ ಪದ್ಧತಿಯಿದೆ. ಆ ಭಕ್ತಿಗೆ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಕೈಯಿಂದ ಮುಟ್ಟುವುದು, ಹೊತ್ತು ಸಾಗಿಸುವುದು, ಜನ ಸೇರುವುದು ಇವು ಅಪಾಯಕರ. ಪಶುವೈದ್ಯರು ಪರೀಕ್ಷೆಗೆ ಅಂಗಾಂಶಗಳನ್ನು ತೆಗೆದುಕೊಂಡು, ಕಳೇಬರವನ್ನು ಸುಟ್ಟು, ಸುತ್ತಲೂ ಉಣುಗುನಾಶಕವನ್ನು ಹಾಕಿಸಿದ ಮೇಲೆ, ದೂರದಿಂದ ಕೈಮುಗಿಯುವುದರಲ್ಲಿ ಯಾವ ಕೊರತೆಯೂ ಇಲ್ಲ. ಈ ಮಾತನ್ನು ಊರಿನ ಹಿರಿಯರು ಹೇಳಿದರೆ ಜನರು ಒಪ್ಪುವರು. ಹೊರಗಿನ ಅಧಿಕಾರಿಯು ಹೇಳಿದರೆ ಮನಸ್ಸು ನೊಂದೀತು.

ಸುಳ್ಳು ಸುದ್ದಿಯ ಹಾನಿ

ಬೆಂಕಿಯು ಅಡಿಗೆಯನ್ನೂ ಮಾಡುವುದು, ಮನೆಯನ್ನೂ ಸುಡುವುದು. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಜನರ ಗುಂಪು ಮಕ್ಕಳಿಗೆ ಮಿಠಾಯಿ ಕೊಟ್ಟ ಪರಸ್ಥಳದವರ ಮೇಲೆ ಬಿದ್ದು, ಹೈದರಾಬಾದಿನ ಒಬ್ಬ ತರುಣನನ್ನು ಕೊಂದುಹಾಕಿತು. 2020ರ ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ಕೋಳಿ ಮಾಂಸದಿಂದ ಕೊರೋನಾ ಹರಡುವುದೆಂಬ ಆಧಾರವಿಲ್ಲದ ಸುದ್ದಿಯು ಮೊಬೈಲುಗಳಲ್ಲಿ ಹಬ್ಬಿ, ದೇಶದಲ್ಲೆಲ್ಲ ಕೋಳಿಯ ಬೆಲೆಯು ಕುಸಿಯಿತು. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ ಸಾವಿರಾರು ಕೋಳಿಗಳನ್ನು ಜೀವಸಹಿತ ಹೂಳಬೇಕಾಯಿತು. ಒಂದು ಸುಳ್ಳು ಸುದ್ದಿಯು ವ್ಯವಸಾಯಗಾರನ ವರ್ಷದ ದುಡಿಮೆಯನ್ನು ಒಂದು ವಾರದಲ್ಲಿ ನುಂಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂತಹ ವದಂತಿಗಳನ್ನು ತಡೆಯಲು ವಾಟ್ಸಾಪಿನವರು 2018ರಲ್ಲಿ ಭಾರತದಲ್ಲಿ ಒಂದು ಸುದ್ದಿಯನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಿಗೆ ಕಳುಹಿಸಲಾಗದಂತೆ ಮಿತಿಯನ್ನಿಟ್ಟರು. 2020ರ ಏಪ್ರಿಲಿನಿಂದ, ಬಹಳ ಕೈಗಳನ್ನು ದಾಟಿಬಂದ ಸುದ್ದಿಯನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಇನ್ನೂ ಬಿಗಿಮಾಡಿದರು. ಅಂತಹ ಸುದ್ದಿಯ ಮೇಲೆ ಎರಡು ಬಾಣಗಳ ಗುರುತಿರುವುದು. ಆ ಗುರುತನ್ನು ಕಂಡರೆ, ಇದು ಊರಿನವರು ಕಣ್ಣಾರೆ ಕಂಡು ಬರೆದುದಲ್ಲವೆಂದು ತಿಳಿದು ಕೈ ತಡೆಯಬೇಕು. ವಿಪತ್ತಿನ ವಿಷಯದಲ್ಲಿ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆಯನ್ನು ಹರಡುವುದು 2005ರ ವಿಪತ್ತು ನಿರ್ವಹಣಾ ಕಾಯಿದೆಯ 54ನೆಯ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸಜೆಗೆ ಅಥವಾ ಜುಲ್ಮಾನೆಗೆ ಗುರಿಯಾಗತಕ್ಕ ಅಪರಾಧ.

ಮಂಗನ ಕಾಹಿಲೆಯ ವಿಷಯದಲ್ಲಿ ಮುಖ್ಯವಾಗಿ ಮೂರು ತಪ್ಪು ಮಾತುಗಳನ್ನು ಗುಂಪಿನಲ್ಲಿ ಕಂಡ ಕೂಡಲೆ ತಿದ್ದಬೇಕು. ಮೊದಲನೆಯದು, ಮಂಗಗಳನ್ನು ಕೊಂದರೆ ಅಥವಾ ಓಡಿಸಿದರೆ ರೋಗ ಹೋಗುವುದೆಂಬುದು. ಮಂಗವು ರೋಗದ ತವರಲ್ಲ. ಅದೂ ರೋಗಕ್ಕೆ ಬಲಿಯಾಗುವ ಪ್ರಾಣಿ. ಅದರ ಸಾವೇ ಮನುಷ್ಯನಿಗೆ ಮುನ್ನೆಚ್ಚರಿಕೆ. ಎರಡನೆಯದು, ರೋಗಿಯ ಬಳಿ ಹೋದರೆ ರೋಗ ಅಂಟುವುದೆಂಬುದು. ಮೂರನೆಯದು, ಇಂತಹ ಕಷಾಯದಿಂದ ಮೂರೇ ದಿನಗಳಲ್ಲಿ ಗುಣವೆಂಬುದು. ಇದನ್ನು ನಂಬಿ ಕಳೆದ ಮೂರು ದಿನಗಳು ಮರಳಿ ಬಾರವು. ನಿರ್ವಾಹಕರು ತಪ್ಪು ಸುದ್ದಿಯನ್ನು ಅಳಿಸಿದರೆ ಸಾಲದು. ಅದು ಏಕೆ ತಪ್ಪೆಂಬುದನ್ನು ಎರಡು ಸಾಲಿನಲ್ಲಿ ಬರೆಯಬೇಕು. ಕಳುಹಿಸಿದವನನ್ನು ಎಲ್ಲರೆದುರು ಹೀಯಾಳಿಸಕೂಡದು. ಹೀಯಾಳಿಸಿದರೆ ಅವನು ನಾಳೆ ನಿಜವಾದ ಸುದ್ದಿಯನ್ನೂ ಹೇಳದೆ ಸುಮ್ಮನಾಗುವನು.

ರೋಗಿಯ ಹೆಸರು ಗುಂಪಿಗೆ ಬೇಡ

ಯಾರಿಗೆ ಜ್ವರ ಬಂದಿದೆ, ಯಾರ ರಕ್ತದಲ್ಲಿ ರೋಗ ಕಂಡಿದೆ ಎಂಬುದನ್ನು ಹೆಸರಿನೊಂದಿಗೆ ಗುಂಪಿನಲ್ಲಿ ಬರೆಯುವುದು ಅತ್ಯಂತ ತಪ್ಪಾದುದು. ಹೆಸರು ಹೊರಬಿದ್ದ ಕೂಲಿಯವಳನ್ನು ಬೇರೆ ತೋಟದವರು ಕೆಲಸಕ್ಕೆ ಕರೆಯರು. ಅವಳ ಮನೆಗೆ ನೆರೆಯವರು ಹೋಗರು. ಇದನ್ನು ಕಂಡ ಮತ್ತೊಬ್ಬಳು ತನಗೆ ಜ್ವರ ಬಂದರೆ ಮುಚ್ಚಿಡುವಳು. ಹಾಗೆ ಮುಚ್ಚಿಟ್ಟ ಜ್ವರವೇ ಸಾವಿಗೆ ದಾರಿ. ಗ್ರಾಮಕ್ಕೆ ತಿಳಿಯಬೇಕಾದದ್ದು ಅಪಾಯದ ಸ್ಥಳವೇ ಹೊರತು ರೋಗಿಯ ಹೆಸರಲ್ಲ. ಜ್ವರದ ಸುದ್ದಿಯನ್ನು ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ನೇರವಾಗಿ ಮತ್ತು ಪ್ರತ್ಯೇಕವಾಗಿ ತಿಳಿಸತಕ್ಕದ್ದು.

ಜಮೀನುದಾರರ ಕರ್ತವ್ಯ

ಸಂದೇಶವು ಎಷ್ಟೇ ಚೆನ್ನಾಗಿದ್ದರೂ ಅದರಂತೆ ನಡೆಯುವ ಅನುಕೂಲ ಇಲ್ಲದಿದ್ದರೆ ವ್ಯರ್ಥ. “ಕಾಡಿಗೆ ಹೋಗಬೇಡಿ” ಎಂದು ಬೆಳಿಗ್ಗೆ ಗುಂಪಿನಲ್ಲಿ ಬರೆದು, ಮಧ್ಯಾಹ್ನ ಆಳುಗಳನ್ನು ಅದೇ ಬೆಟ್ಟಕ್ಕೆ ದರಗಿಗೆ ಕಳುಹಿಸಿದರೆ ಆ ಮಾತನ್ನು ಯಾರು ನಂಬುವರು? ಆದುದರಿಂದ ಈ ಕೆಳಗಿನ ವಿಷಯಗಳನ್ನು ಜಮೀನುದಾರರು ತಾವೇ ಮುಂದಾಗಿ ನಡೆಸಬೇಕು.

1. ಕೊಟ್ಟಿಗೆಗೆ ಬೇಕಾದ ದರಗನ್ನು ಸಾಧ್ಯವಾದಷ್ಟೂ ಡಿಸೆಂಬರಿಗೆ ಮುಂಚೆಯೇ ಸಂಗ್ರಹಿಸುವುದು. ಮಂಗ ಸತ್ತ ಪ್ರದೇಶದ ದರಗನ್ನು ಆ ವರ್ಷ ಮುಟ್ಟದಿರುವುದು.

2. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ತರಿಸಿ ಕೆಲಸದ ಮನೆಯಲ್ಲಿಟ್ಟು, ಬೆಟ್ಟಕ್ಕೂ ತೋಟಕ್ಕೂ ಹೋಗುವವರು ಕೈಕಾಲು ಕುತ್ತಿಗೆಗಳಿಗೆ ಹಚ್ಚಿಕೊಂಡೇ ಹೊರಡುವಂತೆ ಮಾಡುವುದು. ತೈಲ ಬಂದ ದಿನವನ್ನೂ ಮುಗಿದ ದಿನವನ್ನೂ ಗುಂಪಿನಲ್ಲಿ ತಿಳಿಸಿದರೆ ಪುನಃ ತರಿಸಲು ಅನುಕೂಲ.

3. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಉಡುಪು ಧರಿಸುವಂತೆ ಹೇಳುವುದು. ಹಿಂದಿರುಗಿದ ಮೇಲೆ ಬಿಸಿನೀರು ಸಾಬೂನುಗಳಿಂದ ಸ್ನಾನಮಾಡಲು, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಲು ಏರ್ಪಾಡು ಮಾಡಿಕೊಡುವುದು.

4. ಪಶುವೈದ್ಯರ ಸಲಹೆಯಂತೆ ದನಗಳಿಗೆ ಉಣುಗಿನ ಮದ್ದು ಮಾಡಿಸುವುದು. ಅಪಾಯದ ಕಾಡಿಗೆ ಮೇಯಲು ಬಿಡದಿರುವುದು.

5. ಜ್ವರ ಬಂದ ಕೆಲಸಗಾರರನ್ನು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು; ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡದಿರುವುದು, ಏಕೆಂದರೆ ಅವುಗಳಲ್ಲಿ ಕೆಲವು ರಕ್ತಸ್ರಾವವನ್ನು ಹೆಚ್ಚಿಸುವಂತಹವು. ಆ ದಿನದ ಕೂಲಿಯನ್ನು ಕಡಿಯದಿರುವುದು. ಒಂದು ದಿನದ ಕೂಲಿಯ ಭಯದಿಂದ ಜ್ವರವನ್ನು ಮುಚ್ಚಿಡುವವರು ಬಹುಮಂದಿ. ಆ ಭಯವನ್ನು ತೆಗೆಯುವ ಶಕ್ತಿಯು ಯಾವ ಮೊಬೈಲಿಗೂ ಇಲ್ಲ, ಯಜಮಾನನಿಗೆ ಮಾತ್ರ ಉಂಟು.

6. ರಾತ್ರಿ ಹೊತ್ತಿನಲ್ಲಿ ರೋಗಿಯನ್ನು ಸಾಗಿಸಲು ಯಾರ ವಾಹನ ದೊರೆಯುವುದೆಂಬುದನ್ನು ಮೊದಲೇ ಗೊತ್ತುಮಾಡಿ ಗುಂಪಿನಲ್ಲಿ ಬರೆದಿಡುವುದು. ಆಂಬ್ಯುಲೆನ್ಸಿಗೆ 108, ಆರೋಗ್ಯ ಸಲಹೆಗೆ 104 ಸಂಖ್ಯೆಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆಸುವುದು.

ಉಪಸಂಹಾರ

ಮಳೆ ಬಿದ್ದು ನೆಲ ತೊಯ್ದ ಮೇಲೆ ರೋಗವು ಇಳಿಮುಖವಾಗುವುದು. ಆಗ ಗುಂಪನ್ನು ಮರೆತುಬಿಡುವುದು ಸಾಮಾನ್ಯ. ಹಾಗೆ ಮಾಡದೆ ಜೂನ್ ತಿಂಗಳಲ್ಲಿ ಒಂದು ಸಾಯಂಕಾಲ ಸೇರಿ, ಆ ವರ್ಷ ಎಲ್ಲೆಲ್ಲಿ ಮಂಗ ಸತ್ತವು, ಸುದ್ದಿ ಎಷ್ಟು ಹೊತ್ತಿಗೆ ತಲುಪಿತು, ಎಲ್ಲಿ ತಡವಾಯಿತು, ಯಾವ ಮನೆಗೆ ತಿಳಿಯಲೇ ಇಲ್ಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ತೋಟದ ಲೆಕ್ಕವನ್ನು ವರ್ಷದ ಕೊನೆಯಲ್ಲಿ ನೋಡುವ ರೈತನಿಗೆ ಈ ಲೆಕ್ಕವೇನೂ ಕಷ್ಟವಲ್ಲ. ಎರಡು ಮೂರು ವರ್ಷಗಳ ಇಂತಹ ಲೆಕ್ಕವು ಕೈಯಲ್ಲಿದ್ದರೆ, ಯಾವ ಬೆಟ್ಟದ ಕಡೆ ಯಾವ ತಿಂಗಳಲ್ಲಿ ಎಚ್ಚರ ಬೇಕೆಂಬುದು ಊರಿಗೇ ತಿಳಿಯುವುದು.

ಕೊಳೆರೋಗಕ್ಕೆ ಮದ್ದು ಹೊಡೆಯುವುದನ್ನು ಕಲಿತ ಸೀಮೆಯು ಸರಿಯಾದ ಸುದ್ದಿಯನ್ನು ಸಮಯಕ್ಕೆ ಸಾಗಿಸುವುದನ್ನೂ ಕಲಿಯಬಲ್ಲದು. ಅಡಕೆಯ ಒಂದು ಫಸಲು ಹೋದರೆ ಮರುವರ್ಷ ಮರಳಿ ಬಂದೀತು. ಆದರೆ ಮನೆಯಿಂದ ಹೋದ ಜೀವವು ಮರಳಿ ಬಾರದು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕಾರ್ಯವನ್ನು ಇಲಾಖೆಗಳಿಗೇ ಬಿಟ್ಟುಬಿಡದೆ, ಡಿಸೆಂಬರಿಗೆ ಮುಂಚೆಯೇ ತಮ್ಮ ತಮ್ಮ ಗ್ರಾಮಗಳಲ್ಲಿ ಏರ್ಪಾಡು ಮಾಡಿಕೊಳ್ಳುವುದು ಅತ್ಯವಶ್ಯಕವಾಗಿದೆ.